ಕಲೆಯಮ್ಮನ ಕೈ, ಮೊಮ್ಮಗಳ ಕಿವಿ

ಆ ಬೀದಿಯಲ್ಲಿ ಯಾರ ಬಟ್ಟೆಯ ಮೇಲೆ ಏನು ಬಿದ್ದರೂ ಮೊದಲು ನೆನಪಾಗುತ್ತಿದ್ದವಳು ಕಲೆಯಮ್ಮ. ಟೀ ಚೆಲ್ಲಿದರೆ ಕಲೆಯಮ್ಮ, ಶಾಯಿ ಸೋರಿದರೆ ಕಲೆಯಮ್ಮ, ಹೊಸ ಬಟ್ಟೆಯ ಮೇಲೆ ಮಗು ವಾಂತಿ ಮಾಡಿದರೆ ಮಗುವನ್ನು ಅಲ್ಲೇ ಬಿಟ್ಟು ಬಟ್ಟೆ ಎತ್ತಿಕೊಂಡು ಕಲೆಯಮ್ಮನ ಲಾಂಡ್ರಿಗೆ ಓಡಿ ಬರುತ್ತಿದ್ದರು. ಒಂದು ಸಲ ಗೋಡೆಗೆ ಬಣ್ಣ ಹೊಡೆಯುವವನೊಬ್ಬ ತನ್ನ ಕೆಲಸದ ಪ್ಯಾಂಟು ಕೊಟ್ಟು ಹೋಗಿದ್ದ. ಅದರ ಮೇಲೆ ಅರ್ಧ ಊರಿನ ಮನೆಗಳ ಬಣ್ಣವಿತ್ತು. ಕಲೆಯಮ್ಮ ಅದನ್ನು ತೊಳೆದು ಕೊಟ್ಟ ಸಂಜೆ ಅವನ ನಾಯಿ ಯಜಮಾನನ ಗುರುತು ಹಿಡಿಯದೆ ಗೇಟಿನಲ್ಲೇ ತಡೆದು ನಿಲ್ಲಿಸಿತಂತೆ. ಇನ್ನೊಬ್ಬ ಚುಕ್ಕೆ ಚುಕ್ಕೆಯ ಟೈ ಕೊಟ್ಟಿದ್ದ. ಟೈ ವಾಪಸ್ಸು ಬಂತು, ಚುಕ್ಕೆ ಬರಲಿಲ್ಲ.

ಅಂಗಡಿ ಕೆಳಗೆ, ಮನೆ ಮೇಲೆ. ಕೆಳಗೆ ಮುಂದುಗಡೆ ಕೌಂಟರು, ಅದರ ಹಿಂದೆ ಇಸ್ತ್ರಿ ಮೇಜು, ಅದರ ಹಿಂದೆ ತೊಟ್ಟಿಗಳು, ಒಗೆಯುವ ಯಂತ್ರಗಳು. ಕೌಂಟರಿಗೆ ಸೊಸೆ, ಇಸ್ತ್ರಿಗೆ ಮಗ, ಕಲೆಗೆ ಕಲೆಯಮ್ಮ. ಹೋಟೆಲುಗಳಿಗೆ ಹಾಸಿಗೆ ಬಟ್ಟೆ ತಲುಪಿಸುವುದು ಮತ್ತು ಕಿತ್ತುಹೋದ ಗುಂಡಿ ಹೊಲಿಯುವುದು ಮೊಮ್ಮಗಳ ಪಾಲು. ಹತ್ತೊಂಬತ್ತು ತುಂಬಿದ ಆ ಹುಡುಗಿಗೆ ಮನೆಯಲ್ಲೂ ಗುಂಡಿ ಅಂತಲೇ ಹೆಸರು. ಚಿಕ್ಕವಳಿದ್ದಾಗ ಗಿರಾಕಿಯೊಬ್ಬನ ಕೋಟಿನ ಹಿತ್ತಾಳೆ ಗುಂಡಿ ನುಂಗಿಬಿಟ್ಟಿದ್ದಳು. ಆತನೂ ಹಟದವನು, ಗುಂಡಿ ಸಿಗುವ ತನಕ ಬೆಂಚು ಬಿಟ್ಟು ಏಳಲಿಲ್ಲ. ಅವನಿಗೂ ಊಟ ಹಾಕಬೇಕಾಯಿತು.

ಆ ಮನೆಗೆ ಇದ್ದ ಪೀಕಲಾಟ ಒಂದೇ: ಕಲೆಯಮ್ಮನ ಕೈ ಸುಮ್ಮನಿರುತ್ತಿರಲಿಲ್ಲ. ಮಗ ಗಿರಾಕಿಯ ಹತ್ತಿರ ಮಾತಾಡುತ್ತಿದ್ದರೆ ಹಿಂದಿನಿಂದ ಬಂದು ಸೆರಗಿನ ತುದಿಯಿಂದ ಅವನ ಗಲ್ಲ ಒರೆಸಿ ಹೋಗುವಳು. ಅವನಿಗೆ ಆಗಲೇ ಕೂದಲು ನರೆತಿತ್ತು. ಬಂದ ನೆಂಟರ ಕೆನ್ನೆಯ ಮೇಲೆ ಏನೋ ಅಂಟಿದೆ ಎಂದು ಉಜ್ಜಿ, ಅದು ಹುಟ್ಟು ಮಚ್ಚೆ ಅಂತ ಗೊತ್ತಾಗುವ ಹೊತ್ತಿಗೆ ಕೆನ್ನೆ ಟೊಮೇಟೊ ಆಗಿತ್ತು. ಅವಳ ಹತ್ತಿರ ಒಂದು ಕಂದು ಬಣ್ಣದ ಬಾಟಲಿ ಇತ್ತು. ಅದರಲ್ಲಿದ್ದದ್ದಕ್ಕೆ ಕಲೆ ನೀರು ಅಂತ ಹೆಸರು. ಸ್ಪಿರಿಟ್ ಇತ್ತು ಅನ್ನುವುದು ಮೂಗಿದ್ದವರಿಗೆಲ್ಲ ಗೊತ್ತಾಗುತ್ತಿತ್ತು, ಉಳಿದದ್ದು ಅವಳೊಬ್ಬಳಿಗೇ ಗೊತ್ತು. ಆ ಮನೆಗೆ ಸೊಳ್ಳೆ ಬಂದದ್ದನ್ನು ಯಾರೂ ಕಂಡಿಲ್ಲ.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಗುಂಡಿ ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಾ ಹೇಳಿದಳು. "ನಾನು ಕಿವಿ ಚುಚ್ಚಿಸ್ಕೋತೀನಿ."

"ಚುಚ್ಚಿದೆಯಲ್ಲ," ಅಂದಳು ಅವಳಮ್ಮ.

"ಕೆಳಗಲ್ಲ ಅಮ್ಮ, ಮೇಲೆ. ಇಲ್ಲಿ, ಗಟ್ಟಿ ಇರೋ ಅಂಚಲ್ಲಿ."

"ಅಲ್ಲಿ ಚುಚ್ಚಿಸಿ ಏನು ನೇತಾಕ್ತೀಯಾ, ಹ್ಯಾಂಗರಾ?"

"ಸಣ್ಣ ಮಣಿ ಅಷ್ಟೇ."

"ಯಾಕೆ?"

"ಚೆನ್ನಾಗಿ ಕಾಣುತ್ತೆ ಅಂತ."

"ಅಷ್ಟೇನಾ?"

"ಅಷ್ಟೇ."

ಕೌಂಟರಿನ ಹಿಂದೆ ವರ್ಷಗಟ್ಟಲೆ ನಿಂತವಳಿಗೆ ಇಷ್ಟು ಚಿಕ್ಕ ಕಾರಣ ಒಪ್ಪಿಗೆಯಾಗಲಿಲ್ಲ. ಹಿಂದೆ ಯಾವನಾದರೂ ಹುಡುಗ ಇದ್ದಾನೇನೋ ಎಂದು ಮಗಳ ಮುಖವನ್ನು ಕಿಸೆ ತಡಕಿದ ಹಾಗೆ ತಡಕಿದಳು. ಏನೂ ಸಿಗಲಿಲ್ಲ.

"ಅದಕ್ಕೆ ಯಾಕೆ ಹೊರಗೆ ಹೋಗ್ತೀಯಾ," ಅಂದಳು ಕಲೆಯಮ್ಮ. "ಕೋಟಿನ ಗುಂಡಿ ಹೊಲಿಯೋ ಸೂಜಿ ಇದೆ. ಕಲೆ ನೀರಲ್ಲಿ ಅದ್ದಿ ನಾನೇ ಚುಚ್ಚಿಕೊಡ್ತೀನಿ. ಒಂದೇ ಏಟು."

"ಅಜ್ಜಿ, ನಾನು ಕೋಟಲ್ಲ. ನೋಡು, ನಾನು ಸುಮ್ಮನೆ ಹೇಳ್ತಿಲ್ಲ, ಮೂರು ಅಂಗಡಿ ಸುತ್ತಿ ಬಂದಿದೀನಿ. ಮಾರ್ಕೆಟ್ ಹತ್ತಿರ ಒಬ್ಬ ಗನ್ನಿಂದ ಹೊಡೀತಾನೆ. ಎಲ್ಲರಿಗೂ ಅದೇ ಗನ್ನು. ಪ್ಲಾಸ್ಟಿಕ್ಕು, ಆವೀಲಿ ಬೇಯಿಸೋಕೂ ಆಗಲ್ಲ. ಗಟ್ಟಿ ಭಾಗಕ್ಕೆ ಅದು ಚುಚ್ಚಲ್ಲ, ಜಜ್ಜುತ್ತೆ. ಇನ್ನೊಬ್ಬನ ಹತ್ತಿರ ಸೂಜಿ ಎಲ್ಲಿಂದ ತಂದ್ರಿ ಅಂತ ಕೇಳಿದೆ, ನಿಂಗ್ಯಾಕೆ ಅಂದ. ಮೂರನೇ ಅಂಗಡಿಯವರು ನಾನು ಕೇಳೋ ಮುಂಚೆನೇ ಎಲ್ಲಾ ತೋರಿಸಿದ್ರು. ಅಲ್ಲಿಗೇ ಹೋಗೋದು."

ಇಸ್ತ್ರಿಯವನು, ಅಂದರೆ ಗುಂಡಿಯ ಅಪ್ಪ, ಇಷ್ಟು ಹೊತ್ತು ಬಾಯಿಗೆ ಊಟದ ಕೆಲಸ ಮಾತ್ರ ಕೊಟ್ಟಿದ್ದ. ಅವನು ತಿಂಗಳಿಗೆ ಆಡುವ ಮಾತನ್ನು ಒಂದು ಟೀ ಲೋಟದಲ್ಲಿ ತುಂಬಿಡಬಹುದಿತ್ತು. ಅವನೀಗ ಹೆಂಡತಿಯ ಕಡೆ ತಿರುಗಿ, "ನೀನು ಜೊತೆಗೆ ಹೋಗಿ ಬಾ," ಅಂದು ತಟ್ಟೆ ತೊಳೆಯಲು ಎದ್ದ.

ಜೊತೆಗೆ ಹೋದ ಸೊಸೆ ಜಗಳ ಮಾಡುವುದಕ್ಕೇ ಹೋದದ್ದು. ಸಂಜೆ ವಾಪಸ್ಸು ಬಂದಾಗ ಅವಳ ಮಾತೇ ಬೇರೆಯಾಗಿತ್ತು.

"ಅತ್ತೆ, ಆ ಹೆಂಗಸು ಎಷ್ಟು ಸಲ ಕೈ ತೊಳೆದಳು ಅಂತೀರಾ. ಹೊಸಾ ಗ್ಲೌಸ್ ಹಾಕ್ಕೊಂಡಳು, ಯಾವುದೋ ಡಬ್ಬಿ ಮುಟ್ಟಿದಳು ಅಂತ ಅದನ್ನ ಬಿಸಾಕಿ ಇನ್ನೊಂದು ಹಾಕ್ಕೊಂಡಳು. ಸೂಜಿ ಪೊಟ್ಟಣ ನನ್ನ ಕೈಗೇ ಕೊಟ್ಟು, ಸೀಲ್ ನೋಡಿ ಅಂದಳು. ಪೆನ್ನಲ್ಲಿ ಚುಕ್ಕೆ ಇಟ್ಟು, ಕನ್ನಡಿ ಕೊಟ್ಟು, ಇವಳು ಒಂಚೂರು ಮೇಲೆ ಅಂದಿದ್ದಕ್ಕೆ ಅಳಿಸಿ ಮತ್ತೆ ಇಟ್ಟಳು. ಕೆಲಸ ಮುಗಿದ ಮೇಲೆ ಸೂಜಿ ಸೀದಾ ಗಟ್ಟಿ ಡಬ್ಬಿಗೆ. ನಮ್ಮ ದರ್ಜಿ ಆಗಿದ್ರೆ ಅದರಲ್ಲೇ ಇನ್ನೂ ನಾಲ್ಕು ವರ್ಷ ಹೊಲಿಯೋನು."

"ಅತ್ತಳಾ?" ಅಂತ ಕೇಳಿದಳು ಕಲೆಯಮ್ಮ.

"ಇವಳೆಲ್ಲಿ ಅತ್ತಳು. ನಾನು ಅತ್ತೆ."

ಗುಂಡಿ ಕೂದಲು ಸರಿಸಿ ತೋರಿಸಿದಳು. ಕಿವಿಯ ಮೇಲಂಚಿನಲ್ಲಿ ಟೈಟಾನಿಯಂ ಕಡ್ಡಿ, ಅದರ ತುದಿಗೆ ಸಾಸಿವೆಯಷ್ಟು ದೊಡ್ಡ ಮಣಿ. ಊತ ಬಂದರೆ ಜಾಗ ಇರಲೆಂದು ಕಡ್ಡಿ ಸ್ವಲ್ಪ ಉದ್ದವಾಗಿಯೇ ಇತ್ತು. ಹುಡುಗಿಯ ಮುಖಕ್ಕೆ ಅದು ಒಪ್ಪಿತ್ತು. ಅಷ್ಟನ್ನು ಕಲೆಯಮ್ಮನೂ ಒಪ್ಪಿಕೊಂಡಳು.

"ಈಗ ಎಲ್ಲರೂ ಕೇಳಿಸ್ಕೊಳ್ಳಿ," ಅಂದಳು ಗುಂಡಿ. "ಯಾರೂ ಮುಟ್ಟಬಾರದು. ತಿರುಗಿಸಬಾರದು. ಸ್ಪಿರಿಟ್ ಬೇಡ, ಸೋಪು ಬೇಡ, ಎಣ್ಣೆ ಬೇಡ, ಪುಡಿ ಬೇಡ. ಬೆಳಿಗ್ಗೆ ಸಂಜೆ ಈ ಸಲೈನ್ ಸ್ಪ್ರೇ, ಅಂದ್ರೆ ಉಪ್ಪುನೀರು, ಹೊಡೆದು, ಗಾಯಕ್ಕೆ ಕಟ್ಟೋ ಹೊಸಾ ಗಾಜ್ ಬಟ್ಟೆಯಲ್ಲಿ ಮೆಲ್ಲಗೆ ಒತ್ತಿ ಒಣಗಿಸೋದು. ಆ ಕಡೆ ಮಗ್ಗುಲಲ್ಲಿ ಮಲಗಬಾರದು. ವಾಸಿ ಆಗೋಕೆ ತಿಂಗಳುಗಟ್ಟಲೆ ಬೇಕು, ಒಂದು ವರ್ಷ ಆದರೂ ಆಗಬಹುದು."

"ಅದರ ಮಧ್ಯೆ ಏನು ಮಾಡೋದು?"

"ಸುಮ್ಮನೆ ಇರೋದು, ಅಜ್ಜಿ."

ಆ ಮನೆಯಲ್ಲಿ ಯಾರಿಗೂ ಅಲ್ಲಿಯ ತನಕ ಯಾರೂ ಇಂಥ ಕೆಲಸ ಹೇಳಿರಲಿಲ್ಲ.

ಇಸ್ತ್ರಿಯವನು ಮಾತ್ರ ತನ್ನ ಪಾಲಿನದನ್ನು ಹುಡುಕಿಕೊಂಡ. ದಿನಾ ಸಂಜೆ ಕೊನೆಯ ಅಂಗಿ ಮುಗಿದ ಮೇಲೆ ಒಂದು ದಿಂಬಿನ ಕವರ್ ತೆಗೆದುಕೊಂಡು, ಗಂಜಿ ಹಾಕದೆ, ಸುವಾಸನೆ ಚಿಮುಕಿಸದೆ, ಎರಡೂ ಕಡೆ ಬಿಸಿ ಇಸ್ತ್ರಿ ಒತ್ತಿ ಮಗಳ ಹಾಸಿಗೆಯ ಮೇಲೆ ಇಟ್ಟು ಬರುತ್ತಿದ್ದ. ಹೋಟೆಲಿನ ದೊಡ್ಡ ಕೋಣೆಯವರಿಗೂ ಅಂಥ ದಿಂಬು ಸಿಗುತ್ತಿರಲಿಲ್ಲ.

ಮೊದಲ ದಿನಗಳು ಚೆನ್ನಾಗೇ ಹೋದವು. ಅಜ್ಜಿ ಮೊಮ್ಮಗಳು ಮಲಗುತ್ತಿದ್ದದ್ದು ಒಂದೇ ಕೋಣೆಯಲ್ಲಿ, ಗುಂಡಿ ಹುಟ್ಟಿದಾಗಿನಿಂದಲೂ ಹಾಗೇ. ಗುಂಡಿ ಸೂರ್ಯ ಏಳುವ ಮುಂಚೆ ಸ್ಕೂಟರಿಗೆ ಗಂಟು ಕಟ್ಟಿಕೊಂಡು ಹೊರಡುವವಳಾದ್ದರಿಂದ ಮಧ್ಯಾಹ್ನ ಊಟವಾದ ಮೇಲೆ ಒಂದು ನಿದ್ದೆ ತೆಗೆಯುತ್ತಿದ್ದಳು. ಹಾಸಿಗೆ ಸಮೇತ ಎತ್ತಿ ಸಂತೆಯಲ್ಲಿ ಮಾರಿದರೂ ಎಚ್ಚರವಾಗದಂಥ ನಿದ್ದೆ. ಅಂಥ ಒಂದು ಮಧ್ಯಾಹ್ನ ಕಲೆಯಮ್ಮ ಪಕ್ಕದಲ್ಲಿ ಕೂತು ಕಾಲರ್ ತಿಕ್ಕುತ್ತಿದ್ದಾಗ ಮಣಿಯ ಬುಡದಲ್ಲಿ ಒಂದು ಹಳದಿ ಹಕ್ಕಳೆ ಕಂಡಿತು.

ಒಂದು ಕಾಳಿನಷ್ಟೂ ಇರಲಿಲ್ಲ. ಆದರೆ ಹಳದಿ. ಒಣಗಿ ಅಂಟಿಕೊಂಡಿದೆ.

ಕಲೆಯಮ್ಮ ಕಣ್ಣು ಬೇರೆ ಕಡೆ ತಿರುಗಿಸಿದಳು. ಕಾಲರ್ ತಿಕ್ಕಿದಳು. ಕಣ್ಣು ತಾನಾಗಿ ವಾಪಸ್ಸು ಬಂತು. ಹುಡುಗಿ ಹೇಳಿದ್ದು ನೆನಪಿತ್ತು. ಆದರೆ ಇಷ್ಟು ಚಿಕ್ಕ ಹುಡುಗಿಗೆ ಕಲೆಯ ಬಗ್ಗೆ ಏನು ಗೊತ್ತು. ಒಂದು ದಿನ ಬಿಟ್ಟರೆ ಊರಿಬಿಡುತ್ತದೆ, ಆಮೇಲೆ ಯಾರಪ್ಪನ ಕೈಯಲ್ಲೂ ಆಗುವುದಿಲ್ಲ. ಬಾಟಲಿ ಬಂತು, ಬಟ್ಟೆಯ ತುದಿ ಒದ್ದೆಯಾಯಿತು. ಮೆಲ್ಲಗೆ ಒತ್ತಿ, ಎಳೆದು, ಕಡ್ಡಿಯನ್ನು ಒಂಚೂರು ತಿರುಗಿಸಿ ಹಿಂದಿನದನ್ನೂ ತೆಗೆದಳು. ಗುಂಡಿ ನಿದ್ದೆಯಲ್ಲೇ ಇರುವೆ ಕಚ್ಚಿದವಳ ಹಾಗೆ ಮುಖ ಸಿಂಡರಿಸಿ ಮತ್ತೆ ಗೊರಕೆಗೆ ಹೋದಳು. ಮಣಿ ಫಳಫಳ ಹೊಳೆಯಿತು. ಕಲೆಯಮ್ಮನಿಗೆ ಅವತ್ತು ಟೀ ಬಹಳ ರುಚಿಯಾಗಿತ್ತು.

ಮಾರನೆಯ ದಿನ ಹಕ್ಕಳೆ ಮತ್ತೆ ಬಂತು. ಮತ್ತೆ ತೆಗೆದಳು. ಅದೂ ಹಟ ಹಿಡಿಯಿತು, ಇವಳೂ ಹಟ ಹಿಡಿದಳು. ವಾರ ತಿರುಗುವ ಹೊತ್ತಿಗೆ ಕಿವಿಯ ಅಂಚು ಕೆಂಪಾಯಿತು. ಕೆಂಪಾದದ್ದು ಕಂಡು ಕಲೆಯಮ್ಮನಿಗೆ ತನ್ನ ಕೆಲಸ ಸಾಲಲಿಲ್ಲ ಅನ್ನಿಸಿ, ನೀರನ್ನು ಇನ್ನೂ ಸ್ವಲ್ಪ ಗಟ್ಟಿ ಮಾಡಿದಳು. ಮನೆಯೆಲ್ಲ ಯಾವಾಗಲೂ ಅದೇ ವಾಸನೆ ಹೊಡೆಯುತ್ತಿದ್ದುದರಿಂದ ದಿಂಬಿನಿಂದ ಬರುತ್ತಿದ್ದ ವಾಸನೆಯನ್ನು ಯಾರೂ ಬೇರೆ ಅಂದುಕೊಳ್ಳಲಿಲ್ಲ.

"ಹೇಳಿದ ಹಾಗೇ ಮಾಡ್ತಿದೀನಲ್ಲ," ಅಂದಳು ಗುಂಡಿ, ಕನ್ನಡಿಯ ಮುಂದೆ ನಿಂತು. "ಯಾಕೆ ಹಿಂಗಾಗ್ತಿದೆ?"

"ಮೈಗೆ ಆಗಲ್ಲ ಅಂತ ಕಾಣುತ್ತೆ. ತೆಗೆದುಬಿಡು," ಅಂದಳು ಅಮ್ಮ.

"ಇನ್ನೊಂದೆರಡು ದಿನ ನೋಡೋಣ," ಅಂದಳು ಕಲೆಯಮ್ಮ. ಎರಡು ದಿನದಲ್ಲಿ ತಾನು ಗೆದ್ದೇ ಗೆಲ್ಲುತ್ತೇನೆಂಬ ನಂಬಿಕೆ ಅವಳಿಗಿತ್ತು.

ಕಿವಿ ಊದಿ, ಬಿಸಿಯಾಗಿ, ಒಳಗೊಂದು ಗಡಿಯಾರ ಇಟ್ಟ ಹಾಗೆ ಬಡಿದುಕೊಳ್ಳಲು ಶುರುವಾಯಿತು. ಹೆಲ್ಮೆಟ್ ಹಾಕಲಾಗದೆ ಗುಂಡಿ ಸ್ಕೂಟರ್ ಬಿಟ್ಟು ಗಂಟುಗಳನ್ನು ತಳ್ಳುಗಾಡಿಯಲ್ಲಿ ತಲುಪಿಸಿದಳು. ಸಂಜೆ ಬಂದು ಗೋಡೆಗೆ ಒರಗಿ ಕೂತವಳ ಮೈ ಸುಡುತ್ತಿತ್ತು.

ಆ ಹೊತ್ತಿಗೆ ಇಸ್ತ್ರಿಯವನು ಕೆಳಗಿನಿಂದ ಬಂದ. ಕೈಯಲ್ಲಿ ಒಗೆಯಲು ಹಾಕಿದ್ದ ಮಗಳ ಕಡು ನೀಲಿ ದಿಂಬಿನ ಕವರ್ ಇತ್ತು. ಬ್ರೆಡ್ಡು, ಸೊಪ್ಪಿನ ಪಲ್ಯ ಇಟ್ಟಿದ್ದ ಮೇಜಿನ ಮೇಲೆ, ತಟ್ಟೆಗಳನ್ನು ಸರಿಸಿ, ಅದನ್ನು ಹರಡಿದ. ಕಿವಿಯಿಂದ ಹನಿ ಬೀಳುವ ಜಾಗದಲ್ಲಿ ಬಣ್ಣ ಹೋಗಿ ಬೆಳ್ಳಗಿನ ಚುಕ್ಕೆಗಳು, ಒಂದೊಂದರ ಸುತ್ತಲೂ ಕಂದು ಬಣ್ಣದ ತೆಳ್ಳಗಿನ ಅಂಚು.

"ಅಮ್ಮ," ಅಂದ. "ಈ ಅಂಚು ಬಿಡೋ ನೀರು ಊರಲ್ಲಿ ಒಬ್ಬರ ಹತ್ತಿರ ಮಾತ್ರ ಇದೆ."

ಎಲ್ಲರೂ ಕಲೆಯಮ್ಮನ ಕಡೆ ನೋಡಿದರು. ಕಲೆಯಮ್ಮ ಕವರಿನ ಕಡೆ ನೋಡಿದಳು. ಅವಳು ಸುಳ್ಳು ಹೇಳುವ ಪೈಕಿಯವಳಲ್ಲ. "ಕೀವು ಬರ್ತಿತ್ತು ಕಣೋ. ಮಗು ಮಲಗಿದ್ದಾಗ ಒರೆಸ್ತಿದ್ದೆ. ಇಲ್ಲದಿದ್ರೆ ಇಷ್ಟು ಹೊತ್ತಿಗೆ ಇನ್ನೂ ಹಾಳಾಗಿರೋದು."

"ದಿನಾನಾ?" ಅಂದಳು ಗುಂಡಿ.

"ದಿನಾ."

"ನಾನು ನಿದ್ದೆ ಮಾಡ್ತಿರೋವಾಗ?"

"ಎದ್ದಿದ್ರೆ ನೀನು ಬಿಡ್ತಿದ್ಯಾ?"

"ಅತ್ತೆ, ಆ ನೀರು ಟಾರ್ ತೆಗೆಯುತ್ತೆ," ಅಂದಳು ಸೊಸೆ. "ರಸ್ತೆಗೆ ಹಾಕೋ ಟಾರ್. ಅದನ್ನ ಹಸಿ ಗಾಯಕ್ಕೆ ಹಾಕಿದ್ರಾ?"

"ನಿನ್ನ ಗಂಡನ ಮಂಡಿಗೂ ಹಾಕಿದೀನಿ, ಅವನೇನು ಸತ್ತಿಲ್ಲ."

"ಮಂಡಿ ಚರ್ಮ ಈಗಲೂ ನೆಲ ಒರೆಸೋ ಬಟ್ಟೆ ಹಾಗಿದೆ," ಅಂದ ಮಗ. ಆ ತಿಂಗಳ ಟೀ ಲೋಟ ಅಲ್ಲಿಗೆ ತುಂಬಿತು.

ಡಾಕ್ಟರಮ್ಮ ಮಾರನೆಯ ಬೆಳಿಗ್ಗೆ ಕಿವಿಯನ್ನು ದೀಪ ಹಾಕಿ ನೋಡಿದರು. ಕಡ್ಡಿಯನ್ನು ಈಗ ತೆಗೆಯಬೇಡಿ, ತೂತು ಮುಚ್ಚಿಕೊಂಡು ಕೀವು ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ ಅಂದರು. ಮಾತ್ರೆ ಬರೆದರು. "ಈ ಗಟ್ಟಿ ಭಾಗಕ್ಕೆ ರಕ್ತ ಓಡಾಡೋದೇ ಕಮ್ಮಿ. ಸೋಂಕು ಒಳಗೆ ಇಳಿದ್ರೆ ಕಿವಿ ಕರಗಿ ಮುದುಡಿಹೋಗುತ್ತೆ, ಆಮೇಲೆ ಸರಿ ಮಾಡೋದು ಬಹಳ ಕಷ್ಟ. ಊತ ಇಳೀದೆ ಇದ್ರೆ ಕಾಯಬೇಡಿ, ತಕ್ಷಣ ಬನ್ನಿ. ಬೇರೇನೂ ಹಚ್ಚಬೇಡಿ."

ಮನೆಗೆ ಬಂದ ಗುಂಡಿ ಹಾಸಿಗೆ ಸುತ್ತಿದಳು. ಕಲೆಯಮ್ಮ ಬಾಗಿಲಲ್ಲಿ ನಿಂತಿದ್ದಳು.

"ಎಲ್ಲಿಗೇ?"

"ಕೆಳಗೆ. ಕೌಂಟರ್ ಹಿಂದೆ."

"ಅಲ್ಲಿ ಗಂಟುಗಳಿವೆ, ಕಾಲು ಚಾಚೋಕೆ ಜಾಗ ಇಲ್ಲ."

"ಗಂಟಿಗೆ ಕೈ ಇಲ್ಲ ಅಜ್ಜಿ," ಅಂದಳು ಹುಡುಗಿ. "ನೀನು ನನ್ನ ಕಿವಿ ಹತ್ತಿರ ಬರಬೇಡ. ಇನ್ಮೇಲೆ ಯಾವತ್ತೂ."

ಬೈದಿದ್ದರೆ ಕಲೆಯಮ್ಮ ತಿರುಗಿಸಿ ಬೈಯುತ್ತಿದ್ದಳು. ಹುಡುಗಿ ಬೈಯಲಿಲ್ಲ. ಹಾಸಿಗೆಯ ಸುರುಳಿ ಹೊತ್ತು ಮೆಟ್ಟಿಲಿಳಿದಳು, ಅಷ್ಟೆ. ಕೋಣೆಯಲ್ಲಿ ಅವಳು ಮಲಗುತ್ತಿದ್ದ ಕಡೆ ನೆಲ ಬೇರೆ ಬಣ್ಣಕ್ಕಿತ್ತು. ಕಲೆಯಮ್ಮ ಅದನ್ನು ಒರೆಸಲು ಬಟ್ಟೆ ಎತ್ತಿದವಳು ಒರೆಸದೆ ಹಾಗೇ ಇಟ್ಟಳು.

ಅವತ್ತು ಮಧ್ಯಾಹ್ನ ಅವಳು ಊಟ ಅರ್ಧಕ್ಕೇ ಬಿಟ್ಟಳು. ತಟ್ಟೆ ಪಕ್ಕಕ್ಕಿಟ್ಟು, ಚಪ್ಪಲಿ ಮೆಟ್ಟಿ, ಯಾರಿಗೂ ಹೇಳದೆ ಹೊರಟಳು. ಈ ಗತಿಗೆ ಮೂಲ ಕಿವಿ ಚುಚ್ಚಿದ ಆ ಸೂಜಿಯವಳು. ನಾಲ್ಕು ಜನರ ಮುಂದೆ ಅವಳ ನೀರಿಳಿಸಿ ಬರಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಅಂಗಡಿಯ ಹಲಗೆಯ ಮೇಲೆ "ಚುಚ್ಚುವ ಕಲೆ" ಎಂದು ಬರೆದಿತ್ತು. ಕಲೆಯಮ್ಮ ಬಾಗಿಲಲ್ಲೇ ನಿಂತು ಅದನ್ನು ಎರಡು ಸಲ ಓದಿದಳು. ಕಲೆಯಲ್ಲಿ ಎಷ್ಟೋ ನಮೂನೆ ನೋಡಿದ್ದಳು, ಚುಚ್ಚುವುದನ್ನು ನೋಡಿರಲಿಲ್ಲ.

ಒಳಗೆ ಒಂದು ಯಂತ್ರ ಬುಸ್ಸೆಂದು ಆವಿ ಬಿಡುತ್ತಿತ್ತು. ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ಮರೆತುಹೋಯಿತು.

"ಇದೇನಿದು?"

"ಸಾಮಾನು ಬೇಯಿಸೋ ಪೆಟ್ಟಿಗೆ ಅಮ್ಮ. ಆವಿ ಒತ್ತಿ ಹಿಡಿಯುತ್ತೆ, ಒಂದು ಕ್ರಿಮಿನೂ ಉಳಿಯಲ್ಲ," ಅಂದಳು ಸೂಜಿಯವಳು. ನಡುವಯಸ್ಸಿನ ಹೆಂಗಸು, ಹುಬ್ಬಿನಲ್ಲೊಂದು ಮಣಿ, ಬಿಗಿದು ಕಟ್ಟಿದ ಕೂದಲು.

"ಎಷ್ಟು ಬಿಸಿ?"

ಸೂಜಿಯವಳು ಹೇಳಿದಳು. ಕಲೆಯಮ್ಮ ತಲೆದೂಗಿದಳು. "ನಮ್ಮ ಮಗನ ಇಸ್ತ್ರಿ ಇದಕ್ಕಿಂತ ಬಿಸಿ. ಆದರೆ ಹಿಂಗೆ ಹಿಡಿದು ಇಟ್ಕೊಳ್ಳಲ್ಲ, ಎಲ್ಲಾ ಹೊರಗೆ ಹೋಗುತ್ತೆ." ಹೀಗೆ ಆವಿಯ ಮಾತಿನಿಂದ ಶುರುವಾಗಿ, ಕೂರಲು ಸ್ಟೂಲು ಬಂದು, ಕೊನೆಗೆ ಕಿವಿಯ ಮಾತು ಬಂತು. ಕಲೆಯಮ್ಮ ಒಂದೂ ಬಚ್ಚಿಡದೆ ಹೇಳಿದಳು. ಸೂಜಿಯವಳು ಎದುರಿಗೆ ಬಂದು ಕೂತಳು.

"ಒಂದು ಮಾತು ಕೇಳ್ತೀನಿ ಅಮ್ಮ. ಗಿರಾಕಿ ಬಟ್ಟೆ ತಂದು ಕೊಟ್ಟ ತಕ್ಷಣ ನಿಮ್ಮ ನೀರು ಹಾಕಿಬಿಡ್ತೀರಾ?"

"ಉಂಟಾ? ಮೊದಲು ಬಟ್ಟೆ ಯಾವುದು ನೋಡ್ತೀನಿ. ರೇಷ್ಮೆಗೆ ಬೇರೆ, ಉಣ್ಣೆಗೆ ಬೇರೆ. ಗೊತ್ತಾಗದಿದ್ರೆ ಒಳಗಡೆ ಮಡಿಕೇಲಿ ಒಂದು ಹನಿ ಹಾಕಿ ನೋಡ್ತೀನಿ. ನೋಡದೆ ಮುಟ್ಟಲ್ಲ."

"ಈ ಬಟ್ಟೆ ಯಾವುದು ಅಂತ ನೋಡಿದ್ರಾ?"

ಕಲೆಯಮ್ಮ ತನ್ನ ಬೆರಳ ತುದಿಗಳನ್ನು ನೋಡಿಕೊಂಡಳು.

"ನೀವು ಕಂಡ ಹಳದಿ ಹಕ್ಕಳೆ ಇದೆಯಲ್ಲ, ಮೊದಮೊದಲು ಅದು ಕೀವಾಗಿರಲಿಲ್ಲ. ಗಾಯ ಕೂಡಿಕೊಳ್ಳೋವಾಗ ಮೈ ತಾನೇ ಬಿಡೋ ನೀರು. ಒಣಗಿ ಕೂತಿರುತ್ತೆ. ಸಲೈನಿಗೆ ನೆನೆದು ತಾನಾಗಿ ಉದುರುತ್ತೆ. ಅದನ್ನ ಕಿತ್ತರೆ ಒಳಗೆ ಹೊಸದಾಗಿ ಹುಟ್ಟಿದ ಚರ್ಮನೂ ಕಿತ್ಕೊಂಡು ಬರುತ್ತೆ. ಮೈ ಮತ್ತೆ ಮೊದಲಿಂದ ಶುರು ಮಾಡುತ್ತೆ, ನೀವು ಮತ್ತೆ ಕೀಳ್ತೀರಿ. ಸ್ಪಿರಿಟ್ ಬೇರೆ ಸುಡುತ್ತೆ. ಪಾಪ, ಎಷ್ಟು ಸಲ ಅಂತ ಶುರು ಮಾಡುತ್ತೆ ಅದು."

"ದಿನಾ ಮತ್ತೆ ಬರ್ತಿತ್ತು," ಅಂದಳು ಕಲೆಯಮ್ಮ. "ಕಲೆಗೆ ಹಟ ಅಂದ್ಕೊಂಡೆ."

"ಹಟ ಮಾಡ್ತಿದ್ದದ್ದು ಹುಡುಗಿ ಮೈ. ವಾಸಿ ಆಗ್ತೀನಿ ಅಂತ."

ಕಲೆಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಈಗ ನಾನೇನು ಮಾಡ್ಲಿ?"

"ಡಾಕ್ಟರ ಮಾತ್ರೆ ತಪ್ಪದ ಹಾಗೆ ನೋಡ್ಕೊಳ್ಳಿ. ದಿಂಬಿನ ಬಟ್ಟೆ ಸೋಪು ಉಳಿಯದ ಹಾಗೆ ಜಾಲಿಸಿ. ಕೈ ಮಾತ್ರ ಕಟ್ಟಿಕೊಂಡಿರಿ."

"ಅದೊಂದು ನಂಗೆ ಬರಲ್ಲ ಕಣಮ್ಮ."

"ಕಲೀಬೇಕು," ಅಂದಳು ಸೂಜಿಯವಳು, ಮತ್ತೆ ಕೈ ತೊಳೆಯಲು ಎದ್ದು.

ಕಲೆಯಮ್ಮ ಮನೆಗೆ ಬಂದವಳೇ ಬಾಟಲಿಯನ್ನು ಮಗನ ಕೈಗೆ ಕೊಟ್ಟಳು. "ಕೆಳಗಿನ ಕಪಾಟಲ್ಲಿಟ್ಟು ಬೀಗ ಹಾಕು. ಗಿರಾಕಿ ಬಟ್ಟೆ ತೋರಿಸಿ ಕೇಳಿದ್ರೆ ಮಾತ್ರ ಕೊಡು."

ಮುಂದಿನ ವಾರಗಳಲ್ಲಿ ಕಲೆಯಮ್ಮ ಪಟ್ಟ ಪಾಡು ಯಾವ ಕುಸ್ತಿಯವನೂ ಪಟ್ಟಿರಲಿಕ್ಕಿಲ್ಲ. ಗುಂಡಿ ಊಟಕ್ಕೆ ಬಂದರೆ ಊದಿದ ಕಿವಿ ಕಣ್ಣೆದುರಿಗೇ ಇರುತ್ತಿತ್ತು. ಕಲೆಯಮ್ಮ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂರುತ್ತಿದ್ದಳು. ಊಟ ಹೇಗೆ ಮಾಡುವುದೆಂದು ಸೊಸೆ ಕೇಳಿದರೆ, ಮಗು ತಿಂದು ಎದ್ದ ಮೇಲೆ ತಿನ್ನುತ್ತೇನೆ ಅನ್ನುತ್ತಿದ್ದಳು. ತಡೆಯಲಾಗದಿದ್ದಾಗ ಧಡಧಡ ಮೆಟ್ಟಿಲಿಳಿದು ತೊಟ್ಟಿಯ ಹತ್ತಿರ ಹೋಗಿ ಸಿಕ್ಕಿದ್ದನ್ನೆಲ್ಲ ತಿಕ್ಕುವಳು. ಆ ತಿಂಗಳು ಲಾಂಡ್ರಿಯಿಂದ ಹೊರಟ ಬಟ್ಟೆಗಳು ಬೀದಿಯ ಕೊನೆಯವರೆಗೂ ಬೆಳಕು ಬಿಡುತ್ತಿದ್ದವು. ಹೂವಿನ ಚಿತ್ತಾರದ ಪರದೆ ಕೊಟ್ಟಿದ್ದವರಿಗೆ ಬರೀ ಪರದೆ ಸಿಕ್ಕಿತು. ಹಳೇ ಅಂಗಿ ಕೊಟ್ಟಿದ್ದ ಮೇಷ್ಟರು ಇದು ನನ್ನದಲ್ಲ, ನನ್ನ ಮದುವೆಯ ಕಾಲದ್ದು ಎಂದು ವಾದ ಮಾಡಿದರು.

ದಿಂಬಿನ ಕವರುಗಳನ್ನು ಅವಳೇ ಒಗೆದಳು. ಒಗೆದು, ಜಾಲಿಸಿ, ಮತ್ತೆ ಜಾಲಿಸಿ, ಕೊನೆಯ ನೀರನ್ನು ನಾಲಿಗೆಗೆ ಹಾಕಿ ಸೋಪಿನ ರುಚಿ ಇದೆಯಾ ನೋಡಿ, ಆಮೇಲೆ ಮಗನಿಗೆ ಕೊಡುತ್ತಿದ್ದಳು. ಅವನು ಒತ್ತಿ ಕೌಂಟರಿನ ಹಿಂದೆ ಇಟ್ಟು ಬರುತ್ತಿದ್ದ. ಗುಂಡಿಯೂ ಪಟ್ಟು ಹಿಡಿದವಳು. ಮಾತ್ರೆ ಹೊತ್ತಿಗೆ ಸರಿಯಾಗಿ, ಸಲೈನು ಹೊತ್ತಿಗೆ ಸರಿಯಾಗಿ, ಒಂದೇ ಮಗ್ಗುಲಲ್ಲಿ ಗಂಟುಗಳ ನಡುವೆ ನಿದ್ದೆ. ಬಟ್ಟೆ ಒಯ್ಯಲು ಬಂದ ಗಿರಾಕಿಗಳು ಎಷ್ಟೋ ಸಲ ಅವಳ ಹೊದಿಕೆಯನ್ನೇ ಕೇಳಿದರು. ಅಮ್ಮ ಮೂರು ಸಲ "ತೆಗೆದುಬಿಡೇ" ಅಂದಳು. ನಾಲ್ಕನೆಯ ಸಲ ಅನ್ನದೆ, ಹಳೇ ಹಾಸಿಗೆಯ ಹತ್ತಿ ತೆಗೆದು, ನಡುವೆ ಕಿವಿಗೆ ಜಾಗ ಬಿಟ್ಟು ಬಳೆಯ ಹಾಗೆ ದುಂಡಗಿನ ದಿಂಬು ಹೊಲಿದುಕೊಟ್ಟಳು.

ಬಿಸಿ ಹೋಯಿತು. ಕೆಂಪು ಹೋಯಿತು. ಡಾಕ್ಟರಮ್ಮ ಕಿವಿಯ ಅಂಚನ್ನು ಬೆರಳಲ್ಲಿ ಸವರಿ, ಆಕಾರ ಹೋಗಿಲ್ಲ, ಪಾರಾದೆ ಅಂದರು. ಊತ ಇಳಿದ ಮೇಲೆ ಸೂಜಿಯವಳು ಉದ್ದದ ಕಡ್ಡಿ ತೆಗೆದು ಗಿಡ್ಡದ್ದು ಹಾಕಿದಳು, ಇನ್ನೂ ತಿಂಗಳುಗಟ್ಟಲೆ ಜೋಪಾನ ಮಾಡಬೇಕು ಅಂತ ಎಚ್ಚರಿಸಿದಳು. ಹೋಟೆಲುಗಳಿಗೆ ಜನ ತುಂಬಿದ ಕಾಲ ಬಂದು ಕೌಂಟರಿನ ಹಿಂದೆ ಗಂಟುಗಳು ಚಾವಣಿ ಮುಟ್ಟಿದಾಗ ಗುಂಡಿಯ ಹಾಸಿಗೆ ಮತ್ತೆ ಮೇಲಕ್ಕೆ ಬಂತು. ಆದರೆ ತಲೆದಿಕ್ಕು ಬದಲಾಗಿತ್ತು. ಅಜ್ಜಿಯ ಕಡೆಗೆ ಈಗ ಅವಳ ಪಾದಗಳಿದ್ದವು.

"ಕಾಲಾದ್ರೂ ಕೊಟ್ಟಳಲ್ಲ," ಅಂದಳು ಕಲೆಯಮ್ಮ ಸೊಸೆಯ ಹತ್ತಿರ.

"ಅದನ್ನೂ ತಿಕ್ಕೋಕೆ ಹೋಗಬೇಡಿ ಅತ್ತೆ."

"ಹಿಮ್ಮಡಿ ಒಂದು ಸ್ವಲ್ಪ," ಅಂದವಳು ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು.

ಒಂದು ಸಂಜೆ ಇಸ್ತ್ರಿ ಮೇಜಿನ ತುಂಬ ಹೋಟೆಲಿನ ಬಟ್ಟೆ, ಮಗ ಬೆವರಿನಲ್ಲಿ ಮುಳುಗಿದ್ದ. ಸೊಸೆ ಕೌಂಟರಿನಲ್ಲಿ ಒಂದೇ ಕಾಲುಚೀಲ ಕಳೆದುಕೊಂಡ ಗಿರಾಕಿಯ ಜೊತೆ ವಾದಕ್ಕೆ ನಿಂತಿದ್ದಳು. ಗುಂಡಿ ಕನ್ನಡಿಯ ಮುಂದೆ ಕತ್ತು ತಿರುಗಿಸಿ, ಇನ್ನೊಂದು ಕನ್ನಡಿ ಹಿಡಿದು, ಕೊಕ್ಕರೆಯ ಹಾಗೆ ಬಾಗಿ ನೋಡಿದಳು. ಕಿವಿಯ ಹಿಂಭಾಗ ಕಾಣಲಿಲ್ಲ. ಅಪ್ಪನನ್ನು ಕರೆದಳು, ಕೇಳಿಸಲಿಲ್ಲ. ಅಮ್ಮನನ್ನು ಕರೆದಳು, ಕಾಲುಚೀಲದ ಜಗಳವೇ ಜೋರಾಗಿತ್ತು. ಸ್ವಲ್ಪ ಹೊತ್ತು ಹಾಗೇ ನಿಂತು ಕೋಣೆಯೊಳಗೆ ಬಂದಳು. ಕಲೆಯಮ್ಮ ಕಿಟಕಿಯ ಹತ್ತಿರ ಕೂತು ಬೀನ್ಸ್ ಬಿಡಿಸುತ್ತಿದ್ದಳು.

"ಅಜ್ಜಿ."

"ಏನೇ?"

"ಕೈ ತೊಳ್ಕೊಂಡು ಬಾ."

ಕಲೆಯಮ್ಮನಿಗೆ ತಾನು ಕೇಳಿಸಿಕೊಂಡದ್ದು ಸರಿಯೋ ತಪ್ಪೋ ಗೊತ್ತಾಗಲಿಲ್ಲ. "ಯಾಕೆ?"

"ಹಿಂದುಗಡೆ ನಂಗೆ ಕಾಣಲ್ಲ. ಏನಾದ್ರೂ ಅಂಟಿದ್ರೆ ಸ್ಪ್ರೇ ಹೊಡೆದು ಒತ್ತಿಬಿಡು. ತಿಕ್ಕಬಾರದು."

ಕಲೆಯಮ್ಮ ನಲ್ಲಿಯ ಹತ್ತಿರ ಹೋಗಿ ಬೆರಳ ಸಂದು, ಉಗುರಿನ ಅಡಿ, ಮಣಿಕಟ್ಟು ಎಲ್ಲಾ ತೊಳೆದಳು. ತೊಳೆದ ಕೈಯನ್ನು ಸೆರಗಿಗೆ ಒರೆಸಲು ಹೋಗಿ ತಡೆದು, ಗಾಳಿಯಲ್ಲಿ ಆರಿಸಿಕೊಂಡು ಬಂದಳು. ಗುಂಡಿ ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಕೂದಲು ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಸ್ಪ್ರೇಯನ್ನೂ ಸೀಲ್ ಒಡೆಯದ ಗಾಜ್ ಬಟ್ಟೆಯ ಪೊಟ್ಟಣವನ್ನೂ ಅವಳಿಗೆ ಕೊಟ್ಟಳು. ಅವಳ ಕತ್ತು ಬಿಗಿಯಾಗಿತ್ತು, ಕಣ್ಣು ಮುಚ್ಚಿದ್ದಳು.

ಕಲೆಯಮ್ಮ ಬಗ್ಗಿದಳು. ಕಿಟಕಿಯ ಬೆಳಕು ಕಿವಿಯ ಮೇಲೆ ಬೀಳುವಂತೆ ಪಕ್ಕಕ್ಕೆ ಸರಿದಳು. ಚರ್ಮ ತಿಳಿಯಾಗಿತ್ತು. ಕಡ್ಡಿ ಹೊರಬರುವ ಕಡೆ ಒಂದು ಕೂದಲಿನಷ್ಟು ತೆಳ್ಳಗೆ ಏನೋ ಒಣಗಿ ಕೂತಿತ್ತು, ಅರ್ಧ ತಾನಾಗಿಯೇ ಎದ್ದಿತ್ತು. ಊದಿದರೆ ಹಾರಿಹೋಗುವಂಥದ್ದು. ಅವಳ ಬೆರಳುಗಳು ಒಂದನ್ನೊಂದು ಉಜ್ಜಿಕೊಂಡವು. ಕೆಳಗೆ ಕಾಲುಚೀಲದ ಜಗಳ ಮುಗಿದು ಗಿರಾಕಿ ಹೋದ ಸದ್ದಾಯಿತು. ಅವಳು ಇನ್ನೂ ನೋಡುತ್ತಲೇ ಇದ್ದಳು.

"ಚೆನ್ನಾಗಿದೆ," ಅಂದಳು. "ಒಣಗಿದೆ, ಕೆಂಪಿಲ್ಲ. ಒಂಚೂರು ಇದೆ, ಅದು ನಾಳೆ ಸ್ನಾನದ ಹೊತ್ತಿಗೆ ತಾನೇ ಹೋಗುತ್ತೆ. ಮುಟ್ಟೋದು ಬೇಡ."

ಪೊಟ್ಟಣವನ್ನು ಸೀಲ್ ಒಡೆಯದೆ ಮೊಮ್ಮಗಳ ಅಂಗೈಯಲ್ಲಿ ವಾಪಸ್ಸು ಇಟ್ಟಳು.

ಗುಂಡಿ ಕಣ್ಣು ತೆರೆದು ಪೊಟ್ಟಣ ನೋಡಿದಳು, ಅಜ್ಜಿಯ ಮುಖ ನೋಡಿದಳು. "ಒಂದ್ಸಲನೂ ಮುಟ್ಟಲಿಲ್ವಾ?"

"ನೋಡಿದೆನಲ್ಲ."

"ಊಟ ಆರ್ತಾ ಇದೆ," ಅಂತ ಮೇಲೆ ಬಂದ ಸೊಸೆ ಅಡುಗೆಮನೆಯಿಂದ ಕೂಗಿದಳು.

"ಬಂದ್ವಿ," ಅಂದಳು ಗುಂಡಿ. ಆದರೆ ಕೂದಲು ಎತ್ತಿ ಹಿಡಿದ ಕೈಯನ್ನು ಇಳಿಸದೆ, ಕಿವಿಯನ್ನು ಅಜ್ಜಿಯ ಕಡೆಗೇ ಇಟ್ಟುಕೊಂಡು ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು.